12 ಡಿಗ್ರಿಯಲ್ಲಿ ಕಟ್ಟಿದ ಐಸ್

ನಮ್ಮಪ್ಪನ ಹತ್ತಿರ ಒಂದು ಯೆಜ್ಡಿ ಬೈಕ್ ಇತ್ತು. ಮೈಸೂರಿನಲ್ಲೇ ತಯಾರಾಗಿ, ಮೈಸೂರಿನಲ್ಲೇ ಓಡಿ, ಮೈಸೂರಿನಲ್ಲೇ ಗುಜರಿಗೆ ಹೋದ ಗಾಡಿ. ತಿಂಗಳಿಗೊಂದು ಭಾನುವಾರ ಅಪ್ಪ ಅದರ ಕಾರ್ಬುರೇಟರ್, ಅಂದರೆ ಪೆಟ್ರೋಲ್‌ಗೆ ಗಾಳಿ ಬೆರೆಸುವ ಭಾಗ, ಬಿಚ್ಚಿ, ಹಳೆ ಪೇಪರ್ ಮೇಲೆ ಹರಡಿಕೊಂಡು ಕೂರುತ್ತಿದ್ದರು. ಪೆಟ್ರೋಲ್ ಚಿಮ್ಮುವ ಪುಟ್ಟ 'ಪೈಲಟ್ ಜೆಟ್'ನ ತೂತಿಗೆ ತಾಮ್ರದ ಸಣ್ಣ ಎಳೆ ತೂರಿಸುವುದು, ಬಾಯಲ್ಲಿ ಊದುವುದು, ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುವುದು. ಅಮ್ಮ ತಿಂಡಿಗೆ ಮೂರು ಸಲ ಕರೆಯಬೇಕಿತ್ತು. ಗಾಡಿ ಎಲ್ಲೇ ಕೈಕೊಡಲಿ, ಅಪ್ಪನ ತೀರ್ಪು ಒಂದೇ: "ಕಾರ್ಬುರೇಟರ್‌ನಲ್ಲಿ ಕಸ."

ಎಷ್ಟೋ ವರ್ಷ ಆದಮೇಲೆ, ಅಮೆರಿಕದ ಒರೆಗಾನ್ ರಾಜ್ಯದಲ್ಲಿ, ನೆಲದಿಂದ ಎರಡು ಸಾವಿರ ಚಿಲ್ಲರೆ ಅಡಿ ಮೇಲೆ ಒಬ್ಬನೇ ಕೂತಿದ್ದಾಗ ಎಂಜಿನ್ ಕೆಮ್ಮಿತು. ನನ್ನ ತಲೆಗೆ ಮೊದಲು ಬಂದದ್ದೂ ಅದೇ ಮಾತು. ಕಸ.

ಕಸ ಇರಲಿಲ್ಲ. ಐಸ್ ಇತ್ತು.

ನಾನು ಪೈಲಟ್ ಅಂದರೆ ಸಂಬಳ ತಗೊಳ್ಳುವ ಪೈಲಟ್ ಅಲ್ಲ. ಪೋರ್ಟ್‌ಲ್ಯಾಂಡ್ ಪಕ್ಕದ ಹಿಲ್ಸ್‌ಬೊರೊದಲ್ಲಿ ಚಿಪ್ ಮಾಡುವ ಕಂಪನಿಯೊಂದರಲ್ಲಿ ಕೆಲಸ. ಉಳಿದವರು ಗಾಲ್ಫ್‌ಗೆ ಸುರಿಯುವ ದುಡ್ಡನ್ನು ನಾನು ಗಾಳಿಗೆ ಸುರಿಯುತ್ತೇನೆ, ಅಷ್ಟೇ. ಖಾಸಗಿ ಲೈಸೆನ್ಸ್‌ಗೆ ಇಲ್ಲಿ ಕಡಿಮೆ ಅಂದರೆ 40 ಗಂಟೆ ಹಾರಾಟ ಬೇಕು. ನನಗೆ 71 ಗಂಟೆ ಹಿಡಿಯಿತು. ಆ ಘಟನೆ ನಡೆದಾಗ ಲೈಸೆನ್ಸ್ ಸಿಕ್ಕು ಎಂಟು ತಿಂಗಳಾಗಿತ್ತು. ಎಲ್ಲ ಗೊತ್ತಿದೆ ಅನ್ನಿಸುವ ಕಾಲ ಅದು.

ವಿಮಾನ ಸೆಸ್ನಾ 150. ಎರಡೇ ಸೀಟು. ಇಬ್ಬರು ಕೂತರೆ ಭುಜಕ್ಕೆ ಭುಜ ತಾಗುತ್ತದೆ, ಹಳೆ ಪ್ರೀಮಿಯರ್ ಪದ್ಮಿನಿಯಲ್ಲಿ ಇದಕ್ಕಿಂತ ಜಾಸ್ತಿ ಜಾಗ ಇತ್ತು. ಮೂಗಿನಲ್ಲಿ ಕಾಂಟಿನೆಂಟಲ್ ಒ-200 ಎಂಜಿನ್, ನಾಲ್ಕು ಸಿಲಿಂಡರ್, 100 ಕುದುರೆ ಶಕ್ತಿ. ಒಂದು ಕ್ಲಬ್‌ನಿಂದ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ತಗೊಳ್ಳುತ್ತಿದ್ದೆ. ನನಗಿಂತ ವಯಸ್ಸಾದ ವಿಮಾನ. ಆದರೂ ಒಳ್ಳೆಯ ಹೆಂಗಸಿನ ಹಾಗೆ ಅದು ಯಾರ ತಪ್ಪನ್ನೂ ದೊಡ್ಡದು ಮಾಡುತ್ತಿರಲಿಲ್ಲ.

ಅಕ್ಟೋಬರ್‌ನ ಒಂದು ಶನಿವಾರ. ಹಿಲ್ಸ್‌ಬೊರೊದಿಂದ ದಕ್ಷಿಣಕ್ಕೆ ಕಾರ್ವಾಲಿಸ್‌ವರೆಗೆ ಹೋಗಿ, ಅಲ್ಲಿ ಒಂದು ಸ್ಯಾಂಡ್‌ವಿಚ್ ತಿಂದು ವಾಪಸ್ ಬರುವುದು ಪ್ಲಾನ್. ಆ ಸ್ಯಾಂಡ್‌ವಿಚ್‌ಗೆ ವಿಮಾನದ ಬಾಡಿಗೆ ಸೇರಿಸಿದರೆ ಎಷ್ಟು ಬೀಳುತ್ತದೆ ಎಂದು ನನ್ನ ಹೆಂಡತಿ ಒಮ್ಮೆ ಲೆಕ್ಕ ಹಾಕಿದ್ದಳು. ಆಮೇಲೆ ಕೇಳುವುದನ್ನು ಬಿಟ್ಟಳು.

ಹವಾಮಾನ ವರದಿ ಚೆನ್ನಾಗೇ ಇತ್ತು. ಮೋಡ ಮೇಲಿತ್ತು, ದೂರದವರೆಗೂ ಕಾಣುತ್ತಿತ್ತು, ಗಾಳಿ ಹಗುರ. ಉಷ್ಣಾಂಶ 12, ಡ್ಯೂ ಪಾಯಿಂಟ್ (ಗಾಳಿಯ ತೇವ ಹನಿಗಟ್ಟುವ ಉಷ್ಣಾಂಶ) 10. ಈ ಕೊನೆಯ ಎರಡು ಅಂಕಿಗಳನ್ನು ನಾನು ಓದಿದೆ. ಓದಿ, ಎರಡೂ ಹತ್ತಿರ ಹತ್ತಿರ ಇವೆ, ಸಂಜೆಗೆ ಕಾವಳ ಬೀಳಬಹುದು, ಬೇಗ ವಾಪಸ್ ಬರಬೇಕು ಅಂದುಕೊಂಡೆ. ಅಷ್ಟಕ್ಕೇ ನಿಲ್ಲಿಸಿದೆ. ಆ ಅಂಕಿಗಳು ಇನ್ನೊಂದು ವಿಷಯವನ್ನೂ ಹೇಳುತ್ತಿದ್ದವು: ಗಾಳಿಯಲ್ಲಿ ನೀರು ತುಂಬಿದೆ. ಮಳೆಗಾಲದ ಮಡಿಕೇರಿಯ ಹಾಗೆ, ಒಗೆದ ಬಟ್ಟೆ ಎರಡು ದಿನವಾದರೂ ಒಣಗದಂಥ ಗಾಳಿ.

ಹೋಗುವಾಗ ಏನೂ ಆಗಲಿಲ್ಲ. ಬರುವಾಗ 99 ಪಶ್ಚಿಮ ಹೆದ್ದಾರಿಯ ಮೇಲೇ ಉತ್ತರಕ್ಕೆ ಬರುತ್ತಿದ್ದೆ. ಎಡಕ್ಕೆ ಕರಾವಳಿಯ ಬೆಟ್ಟಸಾಲು, ನಮ್ಮ ಘಟ್ಟವನ್ನು ಸ್ವಲ್ಪ ಇಸ್ತ್ರಿ ಮಾಡಿದ ಹಾಗೆ. ಬಲಕ್ಕೆ ಇಯೋಲಾ-ಅಮಿಟಿ ಗುಡ್ಡಗಳು, ಅದರ ಮೈತುಂಬ ವೈನ್ ದ್ರಾಕ್ಷಿ ತೋಟ. ಆ ಹೊತ್ತಿಗೆ ಎಲೆಗಳೆಲ್ಲ ಅರಿಸಿನ ಬಣ್ಣಕ್ಕೆ ತಿರುಗಿದ್ದವು. ನೋಡಿಕೊಂಡು ನಿಧಾನವಾಗಿ ಹೋಗೋಣ ಅಂತ ಥ್ರಾಟಲ್ (ವಿಮಾನದ ಆಕ್ಸಿಲರೇಟರ್) ಸ್ವಲ್ಪ ಹಿಂದೆ ಎಳೆದು 2,250 ಆರ್‌ಪಿಎಂಗೆ, ಅಂದರೆ ನಿಮಿಷಕ್ಕೆ ಅಷ್ಟು ಸುತ್ತಿಗೆ, ಇಟ್ಟೆ. ಎತ್ತರ 2,500 ಅಡಿ.

ಆಮೇಲೆ ನಡೆದದ್ದನ್ನು ನಾನು ಎಷ್ಟೋ ಸಲ ಮನಸ್ಸಿನಲ್ಲಿ ಹಿಂದಕ್ಕೆ ಓಡಿಸಿ ನೋಡಿದ್ದೇನೆ. ಮೊದಲ ಸೂಚನೆ ಎಂಜಿನ್ ಕೊಟ್ಟದ್ದಲ್ಲ, ನನ್ನ ಕೈ ಕೊಟ್ಟದ್ದು. ಆರ್‌ಪಿಎಂ 2,200ಕ್ಕೆ ಇಳಿದಿತ್ತು. ನಾನು ಏನೂ ಯೋಚಿಸದೆ ಥ್ರಾಟಲ್ ಅರ್ಧ ಬೆರಳಷ್ಟು ಮುಂದೆ ತಳ್ಳಿದೆ. ಸರಿಹೋಯಿತು. ಸ್ವಲ್ಪ ಹೊತ್ತಾದಮೇಲೆ ಮತ್ತೆ ಇಳಿದಿತ್ತು, ಮತ್ತೆ ತಳ್ಳಿದೆ. ನಲ್ಲಿ ನೀರು ಸಣ್ಣಗಾದರೆ ಮಾತಾಡುತ್ತಲೇ ಇನ್ನೊಂದು ಸುತ್ತು ತಿರುಗಿಸುತ್ತೇವಲ್ಲ, ಹಾಗೆ. ಟ್ಯಾಂಕ್ ಖಾಲಿಯಾಗುತ್ತಿದೆ ಎಂದು ಆಗ ಯಾರಿಗೆ ಹೊಳೆಯುತ್ತದೆ?

ಮೂರನೇ ಸಲ ತಳ್ಳುವ ಮೊದಲೇ ವಿಮಾನ ನಡುಗಿತು.

ಜೋರಾಗಿ ಅಲ್ಲ. ಬಸ್ ನ್ಯೂಟ್ರಲ್‌ನಲ್ಲಿ ನಿಂತಾಗ ಕಿಟಕಿ ಗಾಜು ನಡುಗುತ್ತದಲ್ಲ, ಅಷ್ಟು. ಆಮೇಲೆ ಒಂದು ಕೆಮ್ಮು. ಒಂದೇ ಎಂಜಿನ್ ಇರುವ ವಿಮಾನದಲ್ಲಿ ಒಬ್ಬನೇ ಕೂತಾಗ ಆ ಕೆಮ್ಮು ಕಿವಿಗೆ ಕೇಳುವುದಿಲ್ಲ, ಹೊಟ್ಟೆಗೆ ಕೇಳುತ್ತದೆ. ಆರ್‌ಪಿಎಂ 2,050. ಎತ್ತರ ನೋಡಿದರೆ 2,350. ಯಾವಾಗ 150 ಅಡಿ ಕಳೆದುಕೊಂಡೆನೋ ಗೊತ್ತೇ ಆಗಿರಲಿಲ್ಲ.

ಕಲಿತದ್ದು ಆಗ ತಾನಾಗೇ ಬಂತು. ಮೂತಿ ಸರಿಮಾಡಿ ವೇಗ 60 ನಾಟ್‌ಗೆ ತಂದೆ. ಎಂಜಿನ್ ಪೂರ್ತಿ ನಿಂತರೂ ಈ ವಿಮಾನ ಅತಿ ದೂರ ತೇಲುವುದು ಆ ವೇಗದಲ್ಲಿ. ಸಾವಿರ ಅಡಿ ಎತ್ತರಕ್ಕೆ ಹೆಚ್ಚುಕಡಿಮೆ ಒಂದೂವರೆ ನಾಟಿಕಲ್ ಮೈಲಿ. ಕೆಳಗಿನ ನೆಲ ಸಮುದ್ರಮಟ್ಟದಿಂದ ಇನ್ನೂರು ಅಡಿ ಆಸುಪಾಸು. ಅಂದರೆ ನನ್ನ ಕೈಯಲ್ಲಿ ಇದ್ದದ್ದು ಮೂರು ಮೈಲಿ ಚಿಲ್ಲರೆ. ಮುಂದಿನ ವಿಮಾನ ನಿಲ್ದಾಣ ಮ್ಯಾಕ್‌ಮಿನ್‌ವಿಲ್, ಎಂಟು ಮೈಲಿ. ಸಿಗುವುದಿಲ್ಲ. ಕೆಳಗೆ ಹೊಲಗಳು. ವಿಲಾಮೆಟ್ ಕಣಿವೆಯಲ್ಲಿ ಹುಲ್ಲಿನ ಬೀಜಕ್ಕಾಗಿಯೇ ಹುಲ್ಲು ಬೆಳೆಯುತ್ತಾರೆ. ಅಮೆರಿಕದ ಮನೆಗಳ ಮುಂದಿನ ಹಸಿರು ಹಾಸಿಗೆ ಬೀಜ ಹೋಗುವುದು ಬಹಳಷ್ಟು ಇಲ್ಲಿಂದಲೇ. ಆಗಷ್ಟೇ ಹದಮಾಡಿ ಬಿತ್ತಿದ ಕಂದು ಹೊಲಗಳು, ಒಂದೊಂದೂ ಅರ್ಧ ಮೈಲಿ ಉದ್ದ. ಒಂದನ್ನು ಆರಿಸಿಕೊಂಡೆ. ಅದರ ಮೂಲೆಯಲ್ಲಿ ಕೆಂಪು ಕೊಟ್ಟಿಗೆ ಇತ್ತು. ಆ ಕೊಟ್ಟಿಗೆ ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದೆ.

ಆಮೇಲೆ ಕೈ ಒಂದೊಂದೇ ಮುಟ್ಟುತ್ತಾ ಹೋಯಿತು. ಪೆಟ್ರೋಲ್ ನಲ್ಲಿ ತೆರೆದಿದೆ. ಪೆಟ್ರೋಲ್-ಗಾಳಿಯ ಪಾಲು ಹೊಂದಿಸುವ ಮಿಕ್ಸ್‌ಚರ್ ನಾಬ್ ಪೂರ್ತಿ ಒಳಗೆ. ಎಂಜಿನ್‌ಗೆ ಕಿಡಿ ಕೊಡುವ ಮ್ಯಾಗ್ನೆಟೊ ಎರಡೂ ಆನ್. ಪೆಟ್ರೋಲ್‌ನಲ್ಲಿ ನೀರು? ಬೆಳಿಗ್ಗೆ ನಾನೇ ಗಾಜಿನ ಲೋಟಕ್ಕೆ ಹಿಡಿದು ನೋಡಿದ್ದೆ. ಅಚ್ಚ ನೀಲಿ, ತಳದಲ್ಲಿ ಒಂದು ಹನಿಯೂ ಇರಲಿಲ್ಲ. ಉಳಿದದ್ದು ಥ್ರಾಟಲ್ ಪಕ್ಕದ ನಾಬ್, ಕಾರ್ಬುರೇಟರ್‌ಗೆ ಬಿಸಿ ಗಾಳಿ ಬಿಡುವ ಕಾರ್ಬ್ ಹೀಟ್. ಎಳೆದೆ.

ಇಲ್ಲಿ ನಾನು ತಪ್ಪು ಮಾಡಿದೆ.

ಎಳೆದ ತಕ್ಷಣ ಆರ್‌ಪಿಎಂ 1,850ಕ್ಕೆ ಬಿತ್ತು. ಎಂಜಿನ್ ಇನ್ನೂ ಜೋರಾಗಿ ಒದ್ದಾಡಿತು. ಡ್ಯಾಶ್‌ಬೋರ್ಡ್ ಗಡಗಡ, ಹೆಡ್‌ಸೆಟ್‌ನ ಮೈಕ್ ತುಟಿಗೆ ಬಡಿಯುತ್ತಿತ್ತು. ಇಲ್ಲಿವರೆಗೆ ಕೆಮ್ಮು ಮಾತ್ರ ಇದ್ದದ್ದು ಈಗ ದಮ್ಮಾಯಿತು. ಅಯ್ಯೋ, ಇದ್ದದ್ದನ್ನೂ ಕೆಡಿಸಿದೆ ಅನ್ನಿಸಿತು. ಐದು ಸೆಕೆಂಡೂ ಕಾಯಲಿಲ್ಲ. ನಾಬ್ ವಾಪಸ್ ಒಳಗೆ ತಳ್ಳಿದೆ. ನಡುಕ ಕಡಿಮೆಯಾಯಿತು, ಆರ್‌ಪಿಎಂ ಸ್ವಲ್ಪ ಏರಿತು. ಉಸಿರು ಬಿಟ್ಟೆ. ಅದು ಎಂಥ ಸಮಾಧಾನ ಅಂದರೆ, ಹುಣ್ಣಿಗೆ ಹಾಕಿದ ಟಿಂಚರ್ ಉರಿಯಿತು ಅಂತ ತೊಳೆದುಕೊಂಡಾಗ ಸಿಗುತ್ತಲ್ಲ, ಅಂಥದ್ದು.

ಇಪ್ಪತ್ತು ಸೆಕೆಂಡು ಆದಮೇಲೆ ಮತ್ತೆ ಇಳಿಯತೊಡಗಿತು. ಈ ಸಲ 2,000ಕ್ಕಿಂತ ಕೆಳಗೆ. ಎತ್ತರ 2,100. ಕೆಂಪು ಕೊಟ್ಟಿಗೆ ದೊಡ್ಡದಾಗುತ್ತಿತ್ತು.

ನನಗೆ ಕಲಿಸಿದವರು ಎಪ್ಪತ್ತು ದಾಟಿದ ಒಬ್ಬ ಮುದುಕ. ಮಾತು ಕಡಿಮೆ. ಮೊದಲ ವಾರವೇ ಒಂದು ಮಾತು ಹೇಳಿದ್ದರು: ಕಾರ್ಬ್ ಹೀಟ್ ಎಳೆದಾಗ ಆರ್‌ಪಿಎಂ ಸ್ವಲ್ಪ ಇಳಿದು ಹಾಗೇ ನಿಂತರೆ ನಿನಗೆ ಐಸ್ ಇಲ್ಲ, ಎಂಜಿನ್ ಸಾಯುವ ಹಾಗೆ ಆಡಿದರೆ ಐಸ್ ಇದೆ. ಆಗ ಅದು ನನಗೆ ಒಗಟಿನ ಹಾಗೆ ಕೇಳಿ ಮರೆತುಹೋಗಿತ್ತು. ಕೊಟ್ಟಿಗೆ ನೋಡುತ್ತಾ ನೆನಪಾಯಿತು.

ಮತ್ತೆ ಎಳೆದೆ. ಪೂರ್ತಿ, ಕೊನೆವರೆಗೂ. ಎಳೆದು ನಾಬ್ ಮೇಲಿಂದ ಕೈ ತೆಗೆದು ತೊಡೆ ಕೆಳಗೆ ಇಟ್ಟುಕೊಂಡೆ. ತಮಾಷೆಗೆ ಹೇಳುತ್ತಿಲ್ಲ. ಕೈ ಅಲ್ಲೇ ಇದ್ದಿದ್ದರೆ ಮತ್ತೆ ತಳ್ಳಿಬಿಡುತ್ತಿದ್ದೆ.

ಎಂಜಿನ್ ಸಾಯುವ ಹಾಗೇ ಆಡಿತು. 1,800. ಎರಡು ಸಲ ಪೂರ್ತಿ ಉಸಿರು ಕಟ್ಟಿ ಮತ್ತೆ ಹಿಡಿಯಿತು. ಯಾವುದೋ ದೊಡ್ಡದನ್ನು ನುಂಗಲಾರದೆ ನುಂಗುತ್ತಿರುವ ಸದ್ದು. ಎಷ್ಟು ಹೊತ್ತು? ಆಗ ಕೇಳಿದ್ದರೆ ಹತ್ತು ನಿಮಿಷ ಅನ್ನುತ್ತಿದ್ದೆ. ಫೋನಿನಲ್ಲಿ ದಾಖಲಾದ ಹಾರಾಟದ ಜಾಡನ್ನು ಆಮೇಲೆ ನೋಡಿದರೆ ಅರ್ಧ ನಿಮಿಷದ ಆಚೀಚೆ. ಆಮೇಲೆ ಒಂದು ದೊಡ್ಡ ಕೆಮ್ಮು ಬಂತು, ಇಡೀ ವಿಮಾನ ಒಮ್ಮೆ ಒದರಿಕೊಂಡಿತು, ಮತ್ತು ಮುಳ್ಳು ಮೇಲೇರತೊಡಗಿತು. 1,950. 2,100. 2,300. ನಾನು ಥ್ರಾಟಲ್ ಮುಟ್ಟಿರಲೇ ಇಲ್ಲ. ಸದ್ದು ನುಣ್ಣಗಾಯಿತು. ಏನೂ ಆಗಿಯೇ ಇಲ್ಲವೆಂಬಂತೆ ಓಡತೊಡಗಿತು.

ರೇಡಿಯೊದಲ್ಲಿ ಮ್ಯಾಕ್‌ಮಿನ್‌ವಿಲ್‌ಗೆ ಹೇಳಿದೆ. ಅಲ್ಲಿ ಕಂಟ್ರೋಲ್ ಟವರ್ ಇಲ್ಲ, ಸುತ್ತ ಹಾರುವವರು ಒಬ್ಬರಿಗೊಬ್ಬರು ಹೇಳಿಕೊಂಡೇ ಇಳಿಯಬೇಕು. ಎಂಜಿನ್ ತೊಂದರೆ, ದಕ್ಷಿಣದಿಂದ ಬರುತ್ತಿದ್ದೇನೆ ಅಂದೆ. ನನ್ನ ದನಿ ನನಗೇ ಬೇರೆಯವರದ್ದು ಅನ್ನಿಸಿತು. ಇಳಿಯುವ ಸರದಿಯಲ್ಲಿದ್ದ ಇಬ್ಬರೂ ಒಂದೂ ಪ್ರಶ್ನೆ ಕೇಳದೆ ಆಚೆ ಸರಿದು ಜಾಗ ಬಿಟ್ಟರು. ನಾನು ಎತ್ತರ ಬಿಡದೆ ನಿಲ್ದಾಣದ ನೆತ್ತಿಗೆ ಬಂದೆ. ಅಲ್ಲಿಂದ ಸುತ್ತು ಹಾಕುತ್ತಾ ಇಳಿದೆ. ಎಂಜಿನ್ ನಿಂತರೂ ರನ್‌ವೇ ಕೈತಪ್ಪಬಾರದು ಅಂತ. ಚಕ್ರ ನೆಲಕ್ಕೆ ತಾಗಿದ್ದು ನನ್ನ ಜೀವನದ ಕೆಟ್ಟ ಲ್ಯಾಂಡಿಂಗ್‌ಗಳಲ್ಲಿ ಒಂದು. ಮೂರು ಸಲ ಕುಪ್ಪಳಿಸಿತು. ಪ್ರತಿ ಸಲವೂ ಖುಷಿಯಾಯಿತು.

ಮ್ಯಾಕ್‌ಮಿನ್‌ವಿಲ್‌ನಲ್ಲಿ ಹೆದ್ದಾರಿಯ ಆಚೆಗೆ ಒಂದು ದೊಡ್ಡ ವಿಮಾನ ಮ್ಯೂಸಿಯಂ ಇದೆ. ಹೊವರ್ಡ್ ಹ್ಯೂಸ್ ಕಟ್ಟಿಸಿದ 'ಸ್ಪ್ರೂಸ್ ಗೂಸ್' ಅಲ್ಲಿರುವುದು. ಮರದಲ್ಲಿ ಮಾಡಿದ, ಎಂಟು ಎಂಜಿನ್‌ಗಳ ದೈತ್ಯ ವಿಮಾನ. ನವೆಂಬರ್ 2, 1947ರಂದು ಸುಮಾರು ಒಂದು ಮೈಲಿ ಹಾರಿತು, ಆಮೇಲೆ ಹಾರಲೇ ಇಲ್ಲ. ಎಂಜಿನ್ ಆರಿಸಿ, ಕಾಲು ನಡುಗುತ್ತಾ ರೆಕ್ಕೆಯ ಕೆಳಗೆ ಕೂತಿದ್ದಾಗ ಆ ಗಾಜಿನ ಕಟ್ಟಡ ಕಾಣುತ್ತಿತ್ತು. ನಾನೂ ಒಂದೇ ಸಲ ಹಾರಿ ಬಿಟ್ಟವರ ಸಾಲಿಗೆ ಸೇರಲಾ ಅಂತ ಯೋಚಿಸಿದ್ದು ನಿಜ.

ಮುದುಕ ಗುರುಗಳಿಗೆ ಫೋನ್ ಮಾಡಿದೆ. ಅವರು ಕೇಳಿದ ಮೊದಲ ಪ್ರಶ್ನೆ, "ಉಷ್ಣಾಂಶ ಎಷ್ಟು, ಡ್ಯೂ ಪಾಯಿಂಟ್ ಎಷ್ಟು?" ಹೇಳಿದೆ. ಆಚೆಯಿಂದ ಒಂದು ಹೂಂ ಬಂತು. ಆ ಹೂಂನಲ್ಲಿ ಎಲ್ಲ ಇತ್ತು.

ಎಂಜಿನ್ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿದೆ. ಏನು ಕಾಣಬೇಕು? ಕಳ್ಳ ಕರಗಿ, ಆವಿಯಾಗಿ, ಸೈಲೆನ್ಸರ್‌ನಿಂದ ಆಚೆ ಹೋಗಿದ್ದ. ಈ ತೊಂದರೆಯ ವಿಚಿತ್ರವೇ ಇದು, ತನ್ನ ಸಾಕ್ಷಿಯನ್ನು ತಾನೇ ಕರಗಿಸಿಬಿಡುತ್ತದೆ. ವಿಮಾನ ಬಿದ್ದಮೇಲೆ ತನಿಖೆಗೆ ಬಂದವರಿಗೆ ಸಿಗುವುದು ಸರಿಯಾಗೇ ಇರುವ ಎಂಜಿನ್, ತುಂಬಿದ ಟ್ಯಾಂಕ್, ಆ ದಿನದ ಹವಾಮಾನ ಅಷ್ಟೇ. ಅಮೆರಿಕದ ಅಪಘಾತ ತನಿಖಾ ಮಂಡಳಿಯ ಲೆಕ್ಕದಲ್ಲಿ 2000ದಿಂದ 2011ರ ನಡುವೆ ಸುಮಾರು 250 ಅಪಘಾತಗಳಲ್ಲಿ ಈ ಐಸ್‌ನ ಕೈವಾಡವಿತ್ತು.

ಆ ದಿನ ವಿಮಾನ ಅಲ್ಲೇ ಬಿಟ್ಟು ಟ್ಯಾಕ್ಸಿಯಲ್ಲಿ ಮನೆಗೆ ಬಂದೆ. ಹೆಂಡತಿಗೆ "ಹವಾಮಾನ ಸರಿಯಿರಲಿಲ್ಲ" ಅಂದೆ. ಸುಳ್ಳೇನಲ್ಲ ಅಲ್ವಾ?

ಮುಂದಿನ ವಾರ ಕ್ಲಬ್‌ನ ಮೆಕ್ಯಾನಿಕ್ ನನಗೆ ಎಂಜಿನ್ ಬಿಚ್ಚಿ ತೋರಿಸಿದ. ಅಪ್ಪನ ಯೆಜ್ಡಿಯ ಕಾರ್ಬುರೇಟರ್ ಅಂಗೈಯಲ್ಲಿ ಕೂರುತ್ತಿತ್ತು, ಇದು ಸಣ್ಣ ತೆಂಗಿನಕಾಯಿಯಷ್ಟು. ಕೆಲಸ ಮಾತ್ರ ಒಂದೇ. ಗಾಳಿ ಕಿರಿದಾದ ಕೊರಳಿನ ಮೂಲಕ ನುಗ್ಗುತ್ತದೆ. ಕೊರಳಿನಲ್ಲಿ ವೇಗ ಜಾಸ್ತಿ, ಒತ್ತಡ ಕಡಿಮೆ. ಆ ಕಡಿಮೆ ಒತ್ತಡ ಜೆಟ್‌ನಿಂದ ಪೆಟ್ರೋಲನ್ನು ಎಳೆದು ತುಂತುರು ಮಾಡುತ್ತದೆ. ತುಂತುರು ಆವಿಯಾಗುತ್ತದೆ. ಆವಿಯಾಗಲು ಶಾಖ ಬೇಕು, ಅದನ್ನು ಪಕ್ಕದ ಗಾಳಿಯಿಂದಲೇ ಕಿತ್ತುಕೊಳ್ಳುತ್ತದೆ. ಇಂಜೆಕ್ಷನ್ ಕೊಡುವ ಮೊದಲು ನರ್ಸ್ ಸ್ಪಿರಿಟ್ ಹಚ್ಚಿದಾಗ ತೋಳು ತಣ್ಣಗಾಗುತ್ತದಲ್ಲ, ಅದೇ. ಮದುವೆ ಮನೆಯ ಅಡುಗೆಯವರು ದೊಡ್ಡ ಒಲೆಗಳನ್ನು ಒಟ್ಟಿಗೆ ಹಚ್ಚಿದಾಗ ಗ್ಯಾಸ್ ಸಿಲಿಂಡರ್‌ನ ಹೊರಮೈಗೆ ಬಿಳಿ ಹಿಮ ಹಿಡಿಯುವುದನ್ನು ನೋಡಿದ್ದೀರಾ? ಬೇಸಿಗೆಯ ಮಧ್ಯಾಹ್ನದಲ್ಲೂ ಹಿಡಿಯುತ್ತದೆ. ಸಿಲಿಂಡರ್‌ಗೆ ಆಗುವುದೇ ಕಾರ್ಬುರೇಟರ್‌ನ ಕೊರಳಿಗೂ ಆಗುತ್ತದೆ.

ಈ ತಂಪು ಎಷ್ಟು ಅಂದರೆ, ಒಳಗಿನ ಉಷ್ಣಾಂಶ ಹೊರಗಿನದ್ದಕ್ಕಿಂತ 35 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಇಳಿಯಬಹುದು. ನನ್ನ 12ರಲ್ಲಿ 20 ಕಳೆದರೂ ಸೊನ್ನೆಗಿಂತ 8 ಕೆಳಗೆ. ಗಾಳಿಯಲ್ಲಿದ್ದ ತೇವ ಥ್ರಾಟಲ್‌ನ ಚಿಟ್ಟೆ-ತಗಡಿನ ಸುತ್ತ ಹಿಮವಾಗಿ ಕೂರುತ್ತದೆ. ಅದರಿಂದಲೇ ಚಳಿ ದೇಶದ ಕಡು ಚಳಿಗಾಲದಲ್ಲಿ ಈ ಕಾಟ ಕಡಿಮೆ. ಆಗ ಗಾಳಿಯಲ್ಲಿ ನೀರೇ ಇರುವುದಿಲ್ಲ. ಜಾಸ್ತಿ ಕಾಟ 20 ಡಿಗ್ರಿಯ ಕೆಳಗೆ, ತೇವಾಂಶ 80 ಶೇಕಡ ದಾಟಿದಾಗ. ಹಾಗಂತ 30 ಡಿಗ್ರಿ ದಾಟಿದ ದಿನವೂ ಬರಬಾರದು ಅಂತೇನಿಲ್ಲ. ಥ್ರಾಟಲ್ ಮುಚ್ಚಿ ಇಳಿಯುವಾಗ ಸಂದು ಇನ್ನೂ ಕಿರಿದು, ತಂಪು ಇನ್ನೂ ಜಾಸ್ತಿ. ನಾನು ದ್ರಾಕ್ಷಿ ತೋಟ ನೋಡಲು ಥ್ರಾಟಲ್ ಹಿಂದೆ ಎಳೆದೆನಲ್ಲ, ಐಸ್‌ಗೆ ಮಣೆ ಹಾಕಿ ಕೂರಿಸಿದ್ದೆ.

ಮೆಕ್ಯಾನಿಕ್ ಇನ್ನೊಂದು ಸಂಗತಿ ತೋರಿಸಿದ. ಲೈಕಮಿಂಗ್ ಅನ್ನುವ ಇನ್ನೊಂದು ಕಂಪನಿಯ ಎಂಜಿನ್‌ಗಳಲ್ಲಿ ಕಾರ್ಬುರೇಟರನ್ನು ಎಣ್ಣೆ ತೊಟ್ಟಿಯ ತಳಕ್ಕೇ ಬಿಗಿದಿರುತ್ತಾರೆ. ಬಿಸಿ ಎಣ್ಣೆಯ ಕಾವು ಅದಕ್ಕೆ ತಗಲುತ್ತಿರುತ್ತದೆ. ನಮ್ಮ ಕಾಂಟಿನೆಂಟಲ್‌ನಲ್ಲಿ ಅದು ಎಣ್ಣೆಯಿಂದ ದೂರ, ಕೆಳಗೆ ಗಾಳಿಯಲ್ಲಿ ತೂಗಾಡುತ್ತದೆ. ಒಲೆಯಿಂದ ದೂರ ಮಲಗಿದ ಬೆಕ್ಕಿನ ಹಾಗೆ. ಆದ್ದರಿಂದ ಸೆಸ್ನಾ 150ಕ್ಕೆ ಐಸ್ ಹಿಡಿಯುವುದರಲ್ಲಿ ಹೆಸರು ಜೋರು. ಆಮೇಲೆ ಬಂದ ಸೆಸ್ನಾ 152ಕ್ಕೆ ಲೈಕಮಿಂಗ್ ಹಾಕಿದರು. 1990ರ ದಶಕದ ಕೊನೆಯಿಂದ ಬಂದ ಸೆಸ್ನಾ 172ಗಳಲ್ಲಿ ಕಾರ್ಬುರೇಟರೇ ಇಲ್ಲ, ಫ್ಯೂಯೆಲ್ ಇಂಜೆಕ್ಷನ್. ಅವನ್ನು ಹಾರಿಸಿ ಕಲಿತ ಹುಡುಗರಿಗೆ ಕಾರ್ಬ್ ಹೀಟ್ ನಾಬ್ ತೋರಿಸಿದರೆ ನಾವು ಬೀಸುವ ಕಲ್ಲು ನೋಡಿದ ಹಾಗೆ ನೋಡುತ್ತಾರೆ.

ನಾಬ್ ಎಳೆದರೆ ಏನಾಗುತ್ತದೆ ಅನ್ನುವುದನ್ನೂ ಆಗಲೇ ಕಣ್ಣಾರೆ ಕಂಡದ್ದು. ಎಕ್ಸಾಸ್ಟ್ ಮಫ್ಲರ್ (ಅದೇ ಸೈಲೆನ್ಸರ್) ಸುತ್ತ ಒಂದು ತಗಡಿನ ಹೊದಿಕೆ. ಅದರೊಳಗೆ ಕಾದ ಗಾಳಿ ಒಂದು ಕೆಂಪು ಕೊಳವೆಯಲ್ಲಿ ಕಾರ್ಬುರೇಟರ್ ಕೆಳಗಿನ ಡಬ್ಬಿಗೆ ಬರುತ್ತದೆ. ಡಬ್ಬಿಯಲ್ಲಿ ಒಂದು ಕದ. ನಾಬ್ ಎಳೆದರೆ ಕದ ತಣ್ಣನೆ ಗಾಳಿಯ ದಾರಿ ಮುಚ್ಚಿ ಬಿಸಿ ಗಾಳಿಯ ದಾರಿ ತೆರೆಯುತ್ತದೆ. ಅಷ್ಟೇ. ಪಂಪಿಲ್ಲ, ಕರೆಂಟಿಲ್ಲ, ತಂತಿ ಮತ್ತು ತಗಡು. ಈ ಬಿಸಿ ಗಾಳಿ ಫಿಲ್ಟರ್ ಹಾದು ಬರುವುದಿಲ್ಲ, ಆದ್ದರಿಂದ ನೆಲದ ಮೇಲೆ ಧೂಳಿನಲ್ಲಿ ಅದನ್ನು ಸುಮ್ನೆ ಎಳೆದಿಟ್ಟುಕೊಳ್ಳಬಾರದು. ಇನ್ನೊಂದು ವಿಷಯ, ಎಂಜಿನ್ ಬಿಸಿಯಿದ್ದರೆ ತಾನೇ ಬಿಸಿ ಗಾಳಿ? ಐಸ್ ಬೆಳೆಯಲು ಬಿಟ್ಟು ಎಂಜಿನ್ ನಿಂತೇಹೋದರೆ ಮಫ್ಲರ್ ಆರುತ್ತದೆ. ಆಮೇಲೆ ನಾಬ್ ಎಳೆದರೆ ಬರುವುದು ತಣ್ಣನೆ ಗಾಳಿ. ನಾನು ಎರಡನೇ ಸಲ ಎಳೆಯಲು ಇನ್ನೊಂದು ನಿಮಿಷ ತಡಮಾಡಿದ್ದರೆ ಅನ್ನುವ ಲೆಕ್ಕವನ್ನು ಮೆಕ್ಯಾನಿಕ್ ಮುಂದೆ ಮಾಡಲಿಲ್ಲ. ಮನೆಗೆ ಬಂದು ರಾತ್ರಿ ಮಾಡಿದೆ.

ಹಾಗಾದರೆ ಎಳೆದಾಗ ಮೊದಲು ಕೆಟ್ಟದ್ದು ಯಾಕೆ? ಬಿಸಿ ಗಾಳಿ ತೆಳು. ಎಂಜಿನ್‌ಗೆ ಸಿಗುವ ಗಾಳಿಯೇ ಕಡಿಮೆ, ಶಕ್ತಿ ಇಳಿಯುತ್ತದೆ. ಗಾಳಿ ತೆಳುವಾದರೆ ಪೆಟ್ರೋಲ್ ಪಾಲು ಹೆಚ್ಚುತ್ತದೆ. ಅದಾಗಲೇ ಐಸ್ ಕೊರಳು ಕಟ್ಟಿ ಮಿಶ್ರಣವನ್ನು ಹೆಚ್ಚಿಸಿರುತ್ತದೆ, ಯಾರೂ ಎಳೆಯದೆ ತಾನಾಗೇ ಬಿದ್ದ ಚೋಕ್ ಅದು. ಅದರ ಮೇಲೆ ಇದು. ಆಮೇಲೆ ಕರಗಿದ ನೀರು ಎಂಜಿನ್ ಒಳಗೇ ಹೋಗಬೇಕು, ಬೇರೆ ದಾರಿಯಿಲ್ಲ. ಎಂಜಿನ್ ಪಾಪ ನೀರು ಕುಡಿದು ಕೆಮ್ಮುತ್ತಿರುತ್ತದೆ. ಆ ಕೆಮ್ಮೇ ಗುಣವಾಗುತ್ತಿರುವ ಸದ್ದು. ನನ್ನ ಕಿವಿಗೆ ಅದು ಸಾವಿನ ಸದ್ದಾಗಿ ಕೇಳಿತ್ತು.

ಪುಸ್ತಕದಲ್ಲಿ ಇದೆಲ್ಲ ಇತ್ತು. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತಗೊಂಡಿದ್ದೆ. "ಎಂಜಿನ್ ಸ್ವಲ್ಪ ಒರಟಾಗಿ ಓಡಬಹುದು" ಅನ್ನುವ ಥರದ ಒಂದು ವಾಕ್ಯ. ಸ್ವಲ್ಪ ಒರಟು! ಆ ವಾಕ್ಯ ಬರೆದವರನ್ನು ಆ ಕೆಂಪು ಕೊಟ್ಟಿಗೆಯ ಮೇಲೆ ನನ್ನ ಪಕ್ಕ ಕೂರಿಸಬೇಕಿತ್ತು.

ಇದನ್ನೆಲ್ಲ ನಾಸಾಗೂ ಬರೆದು ಕಳಿಸಿದೆ. ನಾಸಾ ಅಂದ ಕೂಡಲೇ ನೆಂಟರೆಲ್ಲ ರಾಕೆಟ್ ಅಂದುಕೊಳ್ಳುತ್ತಾರೆ. 1976ರಿಂದ ಅವರು ಒಂದು ವರದಿ ವ್ಯವಸ್ಥೆ ನಡೆಸುತ್ತಿದ್ದಾರೆ. ಪೈಲಟ್‌ಗಳು, ಮೆಕ್ಯಾನಿಕ್‌ಗಳು ತಮ್ಮ ತಪ್ಪುಗಳನ್ನು ತಾವೇ ಬರೆದು ಕಳಿಸಬಹುದು. ಹೆಸರು ತೆಗೆದುಹಾಕಿ, ಉಳಿದವರಿಗೆ ಓದಲು ಇಡುತ್ತಾರೆ. "ಮೊದಲ ಸಲ ಐದು ಸೆಕೆಂಡಿಗೇ ವಾಪಸ್ ತಳ್ಳಿದೆ" ಅಂತ ಬರೆಯಲು ನನಗೆ ಅರ್ಧ ಗಂಟೆ ಹಿಡಿಯಿತು. ಬರೆದಮೇಲೆ ಅಲ್ಲಿದ್ದ ಹಳೆಯ ವರದಿಗಳನ್ನು ಓದುತ್ತಾ ಕೂತೆ. ನನ್ನ ಹಾಗೇ ಎಳೆದು, ಹೆದರಿ, ವಾಪಸ್ ತಳ್ಳಿದವರು ಬೇಕಾದಷ್ಟು ಜನ. ಕೆಲವರಿಗೆ ನನ್ನಷ್ಟು ಎತ್ತರ ಇರಲಿಲ್ಲ.

ಪೋರ್ಟ್‌ಲ್ಯಾಂಡ್‌ನ ಕನ್ನಡ ಕೂಟದ ದೀಪಾವಳಿ ಊಟದಲ್ಲಿ ಈ ಕಥೆ ಹೇಳಿದಾಗ, ಪಕ್ಕದಲ್ಲಿ ಹೋಳಿಗೆ ತಿನ್ನುತ್ತಿದ್ದ ಹಿರಿಯರೊಬ್ಬರು ತಲೆಯೆತ್ತಿದರು. ಎಪ್ಪತ್ತರ ದಶಕದಲ್ಲಿ ಬೆಂಗಳೂರಿನ ಜಕ್ಕೂರಿನಲ್ಲಿ ಹಾರಲು ಕಲಿತವರಂತೆ. ಕಲಿತದ್ದು ಪುಷ್ಪಕ್ ವಿಮಾನದಲ್ಲಿ. ಎಚ್‌ಎಎಲ್ ಬೆಂಗಳೂರಿನಲ್ಲೇ ಮಾಡಿದ ಬಟ್ಟೆ ಹೊದಿಸಿದ ಪುಟ್ಟ ವಿಮಾನ ಅದು, ಮೊದಲು ಹಾರಿದ್ದು 1958ರಲ್ಲಿ. ದೇಶದ ಫ್ಲೈಯಿಂಗ್ ಕ್ಲಬ್‌ಗಳಿಗೆ ಹೋದದ್ದು ಅದೇ. ಅದರ ಎಂಜಿನ್ ಕೂಡ ಕಾಂಟಿನೆಂಟಲ್, 90 ಕುದುರೆ ಶಕ್ತಿ. ನನ್ನ ಎಂಜಿನ್‌ನ ಅಣ್ಣ ಅನ್ನಿ.

"ಬೆಂಗಳೂರಲ್ಲಿ ಎಲ್ಲಿ ಐಸ್ ಬರುತ್ತೆ ಸಾರ್?" ಅಂದೆ.

"ಆಗಸ್ಟ್ ಬೆಳಿಗ್ಗೆ ಜಕ್ಕೂರಲ್ಲಿ ನಿಂತಿದ್ದೀಯಾ? 20 ಡಿಗ್ರಿ, ಜಿಟಿಜಿಟಿ ಮಳೆ ಆಗಷ್ಟೇ ನಿಂತಿರುತ್ತೆ, ಹುಲ್ಲೆಲ್ಲ ಒದ್ದೆ. ಥ್ರಾಟಲ್ ಮುಚ್ಚಿ ಇಳಿಯೋವಾಗ ಹೀಟ್ ಮರೆತರೆ ನಮ್ಮ ಮೇಷ್ಟ್ರು ಬೆರಳ ಗಂಟಿಗೆ ಕುಟ್ಟೋರು."

ಮನೆಗೆ ಬಂದು, ಯಾವ ಉಷ್ಣಾಂಶ-ತೇವಕ್ಕೆ ಎಷ್ಟು ಅಪಾಯ ಅಂತ ತೋರಿಸುವ ಐಸ್ ನಕ್ಷೆಯಲ್ಲಿ ಆ ಅಂಕಿ ಇಟ್ಟು ನೋಡಿದೆ. ಥ್ರಾಟಲ್ ಮುಚ್ಚಿ ಇಳಿಯುವಾಗ ಗಂಭೀರ ಅಪಾಯ ಅನ್ನುವ ಪಟ್ಟಿಯ ಒಳಗೇ ಬಿತ್ತು. ಐಸ್ ಅಂದರೆ ಒರೆಗಾನ್, ಬೆಂಗಳೂರು ಅಂದರೆ ಬಿಸಿಲು ಅಂದುಕೊಂಡಿದ್ದ ನನ್ನ ಭೂಗೋಳ ಅಲ್ಲಿಗೆ ಮುಗಿಯಿತು.

ನವೆಂಬರ್‌ನಲ್ಲಿ ಗುರುಗಳು ಮತ್ತೆ ನನ್ನನ್ನು ಕರೆದುಕೊಂಡು ಹೊರಟರು. ಬೇಕಂತಲೇ ಒದ್ದೆ ದಿನ ಆರಿಸಿದ್ದರು. ನಿಲ್ದಾಣದ ನೆತ್ತಿಯಲ್ಲೇ 4,000 ಅಡಿಗೆ ಹತ್ತಿಸಿ, ಥ್ರಾಟಲ್ ಹಿಂದೆ ಎಳೆಸಿ, "ಈಗ ಏನೂ ಮಾಡಬೇಡ, ಮುಳ್ಳು ನೋಡುತ್ತಾ ಇರು" ಅಂದರು. ನೋಡಿದೆ. ನಾಲ್ಕು ನಿಮಿಷದಲ್ಲಿ 100 ಆರ್‌ಪಿಎಂ ಹೋಯಿತು. ಕಣ್ಣು ಅಲ್ಲೇ ನೆಟ್ಟಿದ್ದರೂ ಯಾವ ಕ್ಷಣದಲ್ಲಿ ಇಳಿಯಿತು ಅಂತ ಹೇಳಲಾಗಲಿಲ್ಲ, ಗಡಿಯಾರದ ಗಂಟೆ ಮುಳ್ಳಿನ ಹಾಗೆ. "ಈಗ ಎಳೆ. ಎಳೆದು ಎಣಿಸು. ಜೋರಾಗಿ. ನಿನ್ನ ಭಾಷೆಯಲ್ಲಿ."

ಒಂದು, ಎರಡು, ಮೂರು. ಆರಕ್ಕೆ ಕೆಮ್ಮಿತು. ಒಂಬತ್ತಕ್ಕೆ ನಡುಗಿತು. ಕೈ ತಾನಾಗೇ ನಾಬ್ ಕಡೆ ಹೋಯಿತು. ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು. ಹದಿನೇಳಕ್ಕೆ ಸದ್ದು ತಿಳಿಯಾಯಿತು, ಮುಳ್ಳು ಏರಿತು. ನಾಬ್ ಒಳಗೆ ತಳ್ಳಿದ ಮೇಲೆ ಶುರುವಿನಲ್ಲಿ ಇದ್ದ ಜಾಗಕ್ಕೇ ಬಂದು ನಿಂತಿತು. ಹಾಗೆ ಐದು ಸಲ ಮಾಡಿಸಿದರು. ಐದನೇ ಸಲ ಮಣಿಕಟ್ಟು ಹಿಡಿಯಲಿಲ್ಲ, ಕಿಟಕಿಯಾಚೆ ನೋಡುತ್ತಿದ್ದರು. ಇಳಿದ ಮೇಲೆ ಅವರಿಗೂ "ಹದಿನೇಳು" ಅನ್ನುವ ಪದ ಬಾಯಿಗೆ ಬಂದಿತ್ತು.

ಈಗ ಹತ್ತು ನಿಮಿಷಕ್ಕೊಮ್ಮೆ, ಏನೂ ಇಲ್ಲದಿದ್ದರೂ, ನಾಬ್ ಎಳೆದು ನೋಡುತ್ತೇನೆ. ಪೂರ್ತಿ ಎಳೆಯುತ್ತೇನೆ. ಅರ್ಧ ಎಳೆದರೆ ಕೆಲವೊಮ್ಮೆ ಐಸ್ ಅರ್ಧ ಕರಗಿ ಮುಂದೆ ಹೋಗಿ ಮತ್ತೆ ಗಟ್ಟಿಯಾಗಬಹುದು. ಬೆಳಿಗ್ಗೆ ಹವಾಮಾನ ಓದುವಾಗ ಆ ಎರಡು ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಥ್ರಾಟಲ್ ಮೇಲೆ ಅಂಟಿಸುತ್ತೇನೆ.

ಮರುವರ್ಷ ಜೂನ್‌ನಲ್ಲಿ ಅಪ್ಪ ಅಮ್ಮ ಮೈಸೂರಿನಿಂದ ಬಂದಿದ್ದರು. ಅಮ್ಮ ಹತ್ತಲಿಲ್ಲ. ಅಪ್ಪ ಹತ್ತಿದರು. ಬಲಗಡೆ ಸೀಟಿನಲ್ಲಿ, ಭುಜಕ್ಕೆ ಭುಜ ತಾಗಿಸಿಕೊಂಡು, ಹೆಡ್‌ಸೆಟ್ ಹಾಕಿಕೊಂಡು ಕೂತರು. ಕೆಳಗಿನ ದ್ರಾಕ್ಷಿ ತೋಟ, ಬೆಟ್ಟ ಯಾವುದೂ ಅವರಿಗೆ ಬೇಡ. ಎಂಜಿನ್ ಸದ್ದು ಕೇಳುತ್ತಿದ್ದರು. ಅಮಿಟಿ ಊರಿನ ಮೇಲೆ ಬಂದಾಗ ನಾನು ನಾಬ್ ಎಳೆದೆ. ಸದ್ದು ಇಳಿಯಿತು. ಅಪ್ಪ ತಟ್ಟನೆ ನನ್ನ ಕಡೆ ತಿರುಗಿದರು.

"ಏನೂ ಇಲ್ಲಪ್ಪ. ಸ್ವಲ್ಪ ಇರಿ" ಅಂದೆ. ಎಣಿಸಿದೆ. ಕೆಮ್ಮಲಿಲ್ಲ. ನಾಬ್ ಒಳಗೆ ತಳ್ಳಿದೆ. ಸದ್ದು ಮೊದಲಿನ ಹಾಗೇ ಆಯಿತು.

ಅಪ್ಪ ತುಂಬ ಹೊತ್ತು ಯೋಚಿಸಿದರು. ಆಮೇಲೆ ಹೆಡ್‌ಸೆಟ್‌ನಲ್ಲಿ ಅವರ ದನಿ ಬಂತು.

"ಪೈಲಟ್ ಜೆಟ್ ಒಂದ್ಸಲ ಕ್ಲೀನ್ ಮಾಡ್ಸು."